ಪಿಸ್ಟಲ್ ಪೀಟ್ ಆಡಿದ ಊರುಗಳಲ್ಲಿ

ಗುರುವಾರ

ಹ್ಯೂಸ್ಟನ್ ಬಿಡುವಾಗ ಬೆಳಿಗ್ಗೆ ಎಂಟೂವರೆ ದಾಟಿತ್ತು. ಆರಕ್ಕೇ ಹೊರಡೋಣ ಅಂದಿದ್ದ ಅಪ್ಪ ಐದಕ್ಕೆ ಸ್ನಾನ ಮುಗಿಸಿ, ಶೂ ಹಾಕಿಕೊಂಡು ಸೋಫಾ ಮೇಲೆ ಕಾಯುತ್ತಾ ಕೂತಿದ್ದರು. ಏಳದೇ ಇದ್ದವಳು ಮಗಳು. ಸ್ಪ್ರಿಂಗ್ ಬ್ರೇಕ್ ಇರುವುದೇ ಮಧ್ಯಾಹ್ನದವರೆಗೆ ಮಲಗೋದಕ್ಕೆ ಅನ್ನೋದು ಅವಳ ಸಿದ್ಧಾಂತ. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಹಾಗಾಗಿ ಸ್ಟಿಯರಿಂಗ್ ನನ್ನ ಪಾಲಿಗೆ, ಪುಳಿಯೋಗರೆ ಡಬ್ಬಿ ಅಪ್ಪನ ಪಾಲಿಗೆ, ಹಿಂದಿನ ಸೀಟು ಪೂರ್ತಿ ಮಗಳಿಗೆ.

ಊರಿಂದ ಬರುವ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ನಯಾಗರ ನೋಡಬೇಕು ಅಂತಾರೆ, ಇಲ್ಲವೇ ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಕರ್ಕೊಂಡು ಹೋಗು ಅಂತಾರೆ. ನಮ್ಮಪ್ಪ ಕೇಳಿದ್ದು ಪೀಟ್ ಮ್ಯಾರವಿಚ್ ಆಡಿದ ಜಾಗ. ಅಪ್ಪ ಮೈಸೂರಿನಲ್ಲಿ ಕಾಲೇಜು ಟೀಮಿಗೆ, ಆಮೇಲೆ ಬ್ಯಾಂಕ್ ಟೀಮಿಗೆ ಬಾಸ್ಕೆಟ್‌ಬಾಲ್ ಆಡಿದವರು. ಅವರ ಕೋಚ್ ಹತ್ತಿರ ಒಂದು ಹಳೇ ಅಮೆರಿಕನ್ ಪತ್ರಿಕೆ ಇತ್ತಂತೆ. ಅದರಲ್ಲಿ ಉದ್ದ ಕೂದಲಿನ, ಕಾಲುಚೀಲ ಕೆಳಕ್ಕೆ ಜಾರಿದ ಸಣಕಲು ಹುಡುಗನೊಬ್ಬನ ಫೋಟೊ. ‘ಪಿಸ್ಟಲ್ ಪೀಟ್’ ಅನ್ನೋ ಹೆಸರು ಅಪ್ಪನ ತಲೇಲಿ ಆವತ್ತಿನಿಂದ ಕೂತಿದೆ. ಹುಡುಗನಾಗಿದ್ದಾಗ ಸೊಂಟದ ಹತ್ತಿರದಿಂದಲೇ, ಪಿಸ್ತೂಲು ಎಳೆದ ಹಾಗೆ ಚೆಂಡು ಎಸೆಯುತ್ತಿದ್ದನಂತೆ, ಅದಕ್ಕೇ ಆ ಹೆಸರು.

ಮಗಳು ಹಾಕಿಕೊಂಡಿದ್ದು ಕೇಟ್ಲಿನ್ ಕ್ಲಾರ್ಕ್ ಜೆರ್ಸಿ. 22 ನಂಬರ್. ಬೇಕಂತಲೇ ಹಾಕಿಕೊಂಡಿದ್ದಳು.

ಮ್ಯಾರವಿಚ್ ದೊಡ್ಡವನೋ ಕ್ಲಾರ್ಕ್ ದೊಡ್ಡವಳೋ ಅಂತ ತಾತ ಮೊಮ್ಮಗಳಿಗೆ ಜಗಳ. ಗೊತ್ತಿಲ್ಲದವರಿಗೆ ಅದರ ಹಿನ್ನೆಲೆ ಹೇಳಿಬಿಡುತ್ತೇನೆ. ಮ್ಯಾರವಿಚ್ 1967ರಿಂದ 1970ರವರೆಗೆ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿಗೆ, ಅಂದರೆ ಎಲ್‌ಎಸ್‌ಯುಗೆ ಆಡಿದ. 83 ಪಂದ್ಯ, 3,667 ಪಾಯಿಂಟ್, ಪಂದ್ಯಕ್ಕೆ ಸರಾಸರಿ 44.2. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಅಷ್ಟು ಪಾಯಿಂಟ್ ಅರ್ಧ ಶತಮಾನ ಯಾರಿಗೂ ದಕ್ಕಲಿಲ್ಲ. 2023ರಲ್ಲಿ ಡೆಟ್ರಾಯಿಟ್ ಮರ್ಸಿಯ ಆ್ಯಂಟ್ವಾನ್ ಡೇವಿಸ್ ಐದು ಸೀಸನ್ ಆಡಿ 3,664ಕ್ಕೆ ಬಂದು ನಿಂತ. ಮೂರೇ ಮೂರು ಪಾಯಿಂಟ್ ಕಮ್ಮಿ! ಅವನ ಟೀಮಿಗೆ ಮುಂದೆ ಯಾವ ಟೂರ್ನಿಯಿಂದಲೂ ಕರೆ ಬರಲಿಲ್ಲ, ಕತೆ ಅಲ್ಲಿಗೇ ಮುಗಿಯಿತು. ಮರುವರ್ಷ, 2024ರ ಮಾರ್ಚ್ 3ರಂದು, ಅಯೋವಾದ ಕೇಟ್ಲಿನ್ ಕ್ಲಾರ್ಕ್ ಒಹಾಯೊ ಸ್ಟೇಟ್ ವಿರುದ್ಧ ಫ್ರೀ ಥ್ರೋ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಎಸೆತ, ಹಾಕಿ 3,667 ದಾಟಿದಳು. ಕಾಲೇಜು ಮುಗಿಸುವಾಗ ಅವಳ ಲೆಕ್ಕ 3,951.

“ಅವಳು ಆಡಿದ್ದು ನಾಲ್ಕು ವರ್ಷ, 139 ಪಂದ್ಯ. ಇವನು ಮೂರೇ ವರ್ಷ,” ಅಂದರು ಅಪ್ಪ. ಆಗ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಮುಖ್ಯ ಟೀಮಿಗೆ ಸೇರಿಸುವ ಹಾಗಿರಲಿಲ್ಲ. ಆ ನಿಯಮ ಹೋಗಿದ್ದು 1972ರಲ್ಲಿ. “ಮೂರು ಪಾಯಿಂಟ್ ಗೆರೆ ಬೇರೆ ಇರಲಿಲ್ಲ. ಎಷ್ಟು ದೂರದಿಂದ ಹಾಕಿದರೂ ಎರಡೇ.”

“ತಾತ, ಅವನು ಒಂದೊಂದು ಮ್ಯಾಚಿಗೆ 38 ಶಾಟ್ ಹೊಡೀತಿದ್ದ. ಮೂವತ್ತೆಂಟು! ಬೇರೆಯವರಿಗೆ ಚೆಂಡು ಸಿಗ್ತಿತ್ತಾ? ಕ್ಲಾರ್ಕ್ ಪಾಸ್ ಕೊಡ್ತಾಳೆ. ಡಬ್ಲ್ಯುಎನ್‌ಬಿಎಗೆ ಬಂದ ಮೊದಲ ವರ್ಷಾನೇ ಒಂದೇ ಮ್ಯಾಚಲ್ಲಿ 19 ಅಸಿಸ್ಟ್. ಅದು ಲೀಗ್ ರೆಕಾರ್ಡ್.”

ಡಬ್ಲ್ಯುಎನ್‌ಬಿಎ ಅಂದರೆ ಹೆಂಗಸರ ವೃತ್ತಿಪರ ಲೀಗ್, ಅಸಿಸ್ಟ್ ಅಂದರೆ ಜೊತೆಯವರಿಗೆ ಪಾಯಿಂಟ್ ತಂದುಕೊಡುವ ಪಾಸ್. ಅವಳು ಹೇಳಿದ್ದೂ ಸರಿ. ಕಾಲೇಜಿನಲ್ಲಿ ಮ್ಯಾರವಿಚ್ ಎಸೆದಿದ್ದು 3,166 ಶಾಟ್, ಬಿದ್ದಿದ್ದು 1,387. ನಾನು ಇಬ್ಬರ ನಡುವೆ ಬಾಯಿ ಹಾಕಲಿಲ್ಲ. ಐ-10ರಲ್ಲಿ ಲಾರಿಗಳ ನಡುವೆ ಗಾಡಿ ಓಡಿಸುವುದೇ ಸಾಕಾಗಿತ್ತು. ಆದರೆ ಒಂದು ಮಾತು. ಈ ಜಗಳದಲ್ಲಿ ಲಿನೆಟ್ ವುಡರ್ಡ್ ಹೆಸರು ಯಾರೂ ಎತ್ತಲ್ಲ. 1977ರಿಂದ 81ರವರೆಗೆ ಕ್ಯಾನ್ಸಸ್‌ಗೆ ಆಡಿ 3,649 ಪಾಯಿಂಟ್ ಹಾಕಿದವಳು. ಆಗ ಹೆಂಗಸರ ಆಟವನ್ನು ಬೇರೆ ಸಂಸ್ಥೆ ನಡೆಸುತ್ತಿತ್ತು ಅನ್ನೋ ಒಂದೇ ಕಾರಣಕ್ಕೆ ಅವಳ ಲೆಕ್ಕ ದಾಖಲೆ ಪುಸ್ತಕದ ಹೊರಗೇ ಉಳಿಯಿತು. ಕ್ಲಾರ್ಕ್ ಮ್ಯಾರವಿಚ್‌ನನ್ನು ದಾಟಿದ ದಿನ ವುಡರ್ಡ್ ಆ ಸ್ಟೇಡಿಯಂನಲ್ಲೇ ಇದ್ದಳು.

ಲೇಕ್ ಚಾರ್ಲ್ಸ್ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ಪುಳಿಯೋಗರೆ ಡಬ್ಬಿ ತೆಗೆದೆವು. ಲಫಯೆಟ್ ಸುತ್ತಮುತ್ತ ಎಲ್ಲಾ ಬೋರ್ಡಿನಲ್ಲೂ ಬೂಡ್ಯಾನ್, ಕ್ರ್ಯಾಕ್ಲಿನ್. ಎರಡೂ ಹಂದಿಮಾಂಸದ ತಿಂಡಿ. ಅಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿಂದ ಮುಂದೆ ಅಚಾಫಲಾಯ ಜೌಗಿನ ಮೇಲೆ 29 ಕಿಲೋಮೀಟರ್ ಉದ್ದದ ಸೇತುವೆ. ಎರಡೂ ಕಡೆ ನೀರು, ನೀರಲ್ಲೇ ನಿಂತ ಮರಗಳು. ಇಬ್ಬರೂ ಜಗಳ ಬಿಟ್ಟು ಕಿಟಕಿ ಕಡೆ ನೋಡಿದ್ದು ಅಲ್ಲಿ ಮಾತ್ರ. ಸಂಜೆ ಮಿಸಿಸಿಪ್ಪಿ ದಾಟಿ ಬ್ಯಾಟನ್ ರೂಜ್ ಸೇರಿದೆವು. ಹೋಟೆಲಲ್ಲಿ ಎರಡು ಹಾಸಿಗೆಯ ರೂಮು ಕೇಳಿದ್ದರೆ ಒಂದೇ ಹಾಸಿಗೆಯದು ಕೊಟ್ಟರು. ಬದಲಾಯಿಸಿಕೊಳ್ಳುವಷ್ಟರಲ್ಲಿ ರಾತ್ರಿ ಒಂಬತ್ತಾಯಿತು.

ಶುಕ್ರವಾರ

ಎಲ್‌ಎಸ್‌ಯು ಅಮೆರಿಕನ್ ಫುಟ್‌ಬಾಲ್‌ನ ಊರು. ಅದು ಕ್ಯಾಂಪಸ್ಸಿಗೆ ಕಾಲಿಟ್ಟ ತಕ್ಷಣ ಗೊತ್ತಾಗುತ್ತದೆ. ಟೈಗರ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರಬಹುದು. ಅದರ ಎದುರಿಗೇ ಒಂದು ನಿಜವಾದ ಹುಲಿ ಇದೆ, ಹೆಸರು ಮೈಕ್. ಗಾಜಿನಾಚೆ, ಹುಲ್ಲಿನ ಮೇಲೆ, ಹೊಟ್ಟೆ ಮೇಲೆ ಮಾಡಿ ಮಲಗಿತ್ತು. “ಬಂಡೀಪುರಕ್ಕೆ ಎಷ್ಟು ಸಲ ಹೋದರೂ ಒಂದು ಬಾಲ ಕಾಣಲಿಲ್ಲ. ಇಲ್ಲಿ ಪುಕ್ಕಟೆ,” ಅಂದರು ಅಪ್ಪ. ಮಗಳಿಗೆ ಹುಲಿಯನ್ನು ಹಾಗೆ ಇಟ್ಟಿದ್ದು ಇಷ್ಟವಾಗಲಿಲ್ಲ. ನನಗೂ.

ಹುಲಿ ಮನೆ ಪಕ್ಕದಲ್ಲೇ ಬಿಳಿ ಗುಮ್ಮಟದ ದೊಡ್ಡ ಕಟ್ಟಡ: ಪೀಟ್ ಮ್ಯಾರವಿಚ್ ಅಸೆಂಬ್ಲಿ ಸೆಂಟರ್. ಇಲ್ಲಿನವರ ಬಾಯಲ್ಲಿ ಪಿಮ್ಯಾಕ್. 13,000ಕ್ಕೂ ಹೆಚ್ಚು ಸೀಟು. ಆ ಸಂಜೆ ಜಿಮ್ನಾಸ್ಟಿಕ್ಸ್ ಸ್ಪರ್ಧೆ ಇತ್ತು, ಒಳಗೆ ತಯಾರಿ ನಡೀತಿತ್ತು, ನಮ್ಮನ್ನು ಬಿಡಲಿಲ್ಲ. ಬೇಜಾರೇನೂ ಆಗಲಿಲ್ಲ. ಯಾಕೆ ಅಂದರೆ ಮ್ಯಾರವಿಚ್ ಎಲ್‌ಎಸ್‌ಯು ಪರವಾಗಿ ಈ ಕಟ್ಟಡದಲ್ಲಿ ಒಂದೇ ಒಂದು ಪಂದ್ಯ ಆಡಿಲ್ಲ. ಇದು ತೆರೆದಿದ್ದು 1972ರಲ್ಲಿ. ಅವನು ಕಾಲೇಜು ಬಿಟ್ಟಿದ್ದು 1970ರಲ್ಲಿ. ಅವನ ಹೆಸರು ಇಟ್ಟಿದ್ದು 1988ರಲ್ಲಿ, ಸತ್ತ ಮೇಲೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ನ್ಯೂ ಆರ್ಲಿಯನ್ಸ್‌ನಲ್ಲೂ ಇದೇ ಕತೆ.

ಹೊರಗಡೆ ನಾಲ್ಕು ಕಂಚಿನ ಪ್ರತಿಮೆ. ಬಾಬ್ ಪೆಟಿಟ್, ಶಕೀಲ್ ಓನೀಲ್, ಮ್ಯಾರವಿಚ್, ಸೀಮೋನ್ ಆಗಸ್ಟಸ್. ನಾಲ್ವರೂ ಎಲ್‌ಎಸ್‌ಯುಗೆ ಆಡಿದವರು. ಜನ ಫೋಟೊ ತೆಗೆಸಿಕೊಳ್ಳುವುದು ಶಾಕ್, ಅಂದರೆ ಓನೀಲ್ ಜೊತೆಗೆ. ಅವನು ರಿಂಗ್ ಹಿಡಿದು ಗಾಳಿಯಲ್ಲಿ ಜೋತಾಡುತ್ತಿದ್ದಾನೆ, ಯಾರಿಗೆ ಬೇಡ ಆ ಫೋಟೊ? ಅಪ್ಪ ಮ್ಯಾರವಿಚ್ ಮುಂದೆ ನಿಂತರು. 2022ರ ಜುಲೈನಲ್ಲಿ ಇಟ್ಟ ಪ್ರತಿಮೆ. ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದರು. ಮಗಳು ಸೀಮೋನ್ ಆಗಸ್ಟಸ್ ಹತ್ತಿರ ಹೋದಳು. ಇದೇ ಊರಿನ ಹುಡುಗಿ, ಎಲ್‌ಎಸ್‌ಯುಗೆ ಆಡಿ, 2006ರಲ್ಲಿ ಡಬ್ಲ್ಯುಎನ್‌ಬಿಎ ಡ್ರಾಫ್ಟಿನಲ್ಲಿ, ಅಂದರೆ ಟೀಮುಗಳು ಸರದಿಯಲ್ಲಿ ಹೊಸಬರನ್ನು ಆರಿಸಿಕೊಳ್ಳುವಾಗ, ಮೊದಲನೆಯವಳಾಗಿ ಹೋಗಿ, ಮಿನೆಸೋಟ ಲಿಂಕ್ಸ್ ಜೊತೆ ನಾಲ್ಕು ಚಾಂಪಿಯನ್‌ಶಿಪ್ ಗೆದ್ದವಳು. ಒಲಿಂಪಿಕ್ ಚಿನ್ನವೇ ಮೂರು.

“ಮ್ಯಾರವಿಚ್ ಆಡೋವಾಗ ಇವಳಂಥವರನ್ನ ಟೀಮಿಗೆ ಸೇರಿಸ್ತಿದ್ರಾ ಅಮ್ಮ?” ಅಂತ ಕೇಳಿದಳು.

ಹುಡುಗಿಯರ ಬಗ್ಗೆ ಕೇಳಿದಳೋ ಕಪ್ಪು ಜನರ ಬಗ್ಗೆ ಕೇಳಿದಳೋ, ಉತ್ತರ ಒಂದೇ. ಇಲ್ಲ. ಎಲ್‌ಎಸ್‌ಯು ಬಾಸ್ಕೆಟ್‌ಬಾಲ್ ಟೀಮಿಗೆ ಮೊದಲ ಕಪ್ಪು ಆಟಗಾರ ಕಾಲಿಸ್ ಟೆಂಪಲ್ ಜೂನಿಯರ್ ಬಂದಿದ್ದು 1971ರಲ್ಲಿ. ಎಲ್‌ಎಸ್‌ಯು ಆಡುವ ಇಡೀ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನಲ್ಲೇ ಬಾಸ್ಕೆಟ್‌ಬಾಲ್‌ಗೆ ಮೊದಲ ಕಪ್ಪು ಆಟಗಾರ, ವ್ಯಾಂಡರ್‌ಬಿಲ್ಟ್‌ನ ಪೆರಿ ವಾಲೆಸ್, ಮುಖ್ಯ ಟೀಮಿನಲ್ಲಿ ಆಡಲು ಶುರು ಮಾಡಿದ್ದು ಮ್ಯಾರವಿಚ್ ಶುರು ಮಾಡಿದ ಸೀಸನ್ನಿನಲ್ಲೇ. ಅಂದರೆ 44.2 ಅನ್ನೋ ಸರಾಸರಿಯ ಬಹುಪಾಲು ಬಂದಿದ್ದು ಅರ್ಧ ಬಾಗಿಲು ಮುಚ್ಚಿದ್ದ ಆಟದಲ್ಲಿ. ಮೂರು ಪಾಯಿಂಟ್ ಗೆರೆ ಇರಲಿಲ್ಲ ಅಂತ ಹೇಳುವವರು ಇದನ್ನೂ ಜೊತೆಗೆ ಹೇಳಬೇಕು ಅಂತ ನನಗನ್ನಿಸುತ್ತದೆ. ಅಪ್ಪನಿಗೆ ಹೇಳಿದೆ. “ಅದೂ ಸರಿಯೇ,” ಅಂದರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಹಾಗಾದರೆ ಅವನು ಆಡಿದ್ದೆಲ್ಲಿ? ಕ್ಯಾಂಪಸ್ಸಿನ ದಕ್ಷಿಣದ ತುದಿಯಲ್ಲಿರುವ ಜಾನ್ ಎಂ. ಪಾರ್ಕರ್ ಅಗ್ರಿಕಲ್ಚರಲ್ ಕೊಲಿಸಿಯಂನಲ್ಲಿ. 1937ರಲ್ಲಿ ಶುರುವಾದ ಕಟ್ಟಡ. ದನದ ಪ್ರದರ್ಶನಕ್ಕೆ, ರೋಡಿಯೋಗೆ ಅಂತಲೇ ಕಟ್ಟಿದ್ದು. ಜನ ಕರೆಯುತ್ತಿದ್ದಿದ್ದು ‘ಕೌ ಪ್ಯಾಲೇಸ್’ ಅಂತ.

ಈ ಇಡೀ ಪ್ರವಾಸದಲ್ಲಿ ನೋಡಲೇಬೇಕಾದ ಜಾಗ ಒಂದಿದ್ದರೆ ಇದು. ಮುಂದಿನ ಬಾಗಿಲು ಹಾಕಿತ್ತು. ಪಕ್ಕದಲ್ಲಿ ಜಾನುವಾರು ಒಳಗೆ ಬಿಡುವ ದೊಡ್ಡ ಗೇಟು ತೆರೆದಿತ್ತು. ಒಳಗೆ ಸಣ್ಣ ಟ್ರ್ಯಾಕ್ಟರಿನಲ್ಲಿ ಒಬ್ಬರು ನೆಲ ಹದ ಮಾಡುತ್ತಿದ್ದರು. ನೋಡಿಕೊಂಡು ಹೋಗ್ತೀವಿ ಅಂದಾಗ ತಲೆ ಅಲ್ಲಾಡಿಸಿ, ಟ್ರ್ಯಾಕ್ಟರ್ ದಾರಿಗೆ ಬರಬೇಡಿ ಅಂತ ಕೈ ಮಾಡಿ ತೋರಿಸಿದರು. ನೆಲ ಪೂರ್ತಿ ಮಣ್ಣು. ಮರಳು ಬೆರೆತ ಕಂದು ಮಣ್ಣು, ಹಿಂದೆ ಎಳೆದುಕೊಂಡು ಬರುತ್ತಿದ್ದ ಹಲಗೆಯ ಹಲ್ಲಿನ ಗೆರೆಗಳು ಅದರ ಮೇಲೆ ಸಾಲಾಗಿ ಮೂಡಿದ್ದವು. ಸುತ್ತ ಮೊಟ್ಟೆ ಆಕಾರದಲ್ಲಿ ಕುರ್ಚಿಗಳು. ಸಗಣಿ ವಾಸನೆ, ಒಣಹುಲ್ಲಿನ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು.

ಪಂದ್ಯದ ದಿನ ಈ ಮಣ್ಣಿನ ಮೇಲೆ ಮರದ ಕೋರ್ಟನ್ನು ತುಂಡು ತುಂಡಾಗಿ ತಂದು ಜೋಡಿಸುತ್ತಿದ್ದರು. ಎಲ್‌ಎಸ್‌ಯುಗೆ ಬಾಸ್ಕೆಟ್‌ಬಾಲ್ ಅಂದರೆ ಅಷ್ಟೇ ಇತ್ತು. 1966-67ರಲ್ಲಿ ಟೀಮ್ ಗೆದ್ದಿದ್ದು 3, ಸೋತಿದ್ದು 23. ಕೋಚ್ ಆಗಿ ಹೊಸದಾಗಿ ಬಂದಿದ್ದವರು ಪ್ರೆಸ್ ಮ್ಯಾರವಿಚ್, ಪೀಟನ ಅಪ್ಪ. ಮಗ ಆಗ ಮೊದಲ ವರ್ಷದವರ ಟೀಮಿನಲ್ಲಿದ್ದ. ಜನ ಆ ಮರಿ ಟೀಮಿನ ಆಟ ನೋಡಿ, ಮುಖ್ಯ ಪಂದ್ಯ ಶುರುವಾಗುವ ಹೊತ್ತಿಗೆ ಎದ್ದು ಮನೆಗೆ ಹೋಗುತ್ತಿದ್ದರಂತೆ! ಕೋಚ್‌ಗೆ ಏನನ್ನಿಸಿತೋ ಏನೋ. ಒಂದು ಕಡೆ ಹೊಟ್ಟೆಪಾಡು, ಇನ್ನೊಂದು ಕಡೆ ಮಗ.

1970ರ ಜನವರಿ 31, ಇದೇ ಜಾಗ, ಎದುರಾಳಿ ಓಲ್ ಮಿಸ್, ಅಂದರೆ ಮಿಸಿಸಿಪ್ಪಿ ಯೂನಿವರ್ಸಿಟಿ. ಕಾಲೇಜು ಆಟದಲ್ಲಿ ಆಸ್ಕರ್ ರಾಬರ್ಟ್‌ಸನ್‌ನ 2,973 ಪಾಯಿಂಟ್ ದಾಖಲೆ ಅವತ್ತು ಮುರಿಯಿತು. ಪೀಟ್ ಆ ರಾತ್ರಿ 53 ಹಾಕಿದ. ಮುಂದಿನ ಶನಿವಾರ ಟಸ್ಕಲೂಸಾದಲ್ಲಿ ಅಲಬಾಮ ವಿರುದ್ಧ 69, ಆದರೂ ಎಲ್‌ಎಸ್‌ಯು ಎರಡು ಪಾಯಿಂಟಿಂದ ಸೋತಿತು. 69 ಹಾಕಿಯೂ ಸೋಲೋದು! ಅವನ ಇಡೀ ಕತೆ ಆ ಒಂದು ಸಂಜೆಯಲ್ಲಿದೆ ಅನ್ನಬಹುದು. ಮೂರು ವರ್ಷದಲ್ಲಿ ಎಲ್‌ಎಸ್‌ಯು ರಾಷ್ಟ್ರೀಯ ಚಾಂಪಿಯನ್‌ಶಿಪ್ ಟೂರ್ನಿಗೆ ಒಮ್ಮೆಯೂ ಹೋಗಲಿಲ್ಲ.

ನಾನು ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳುತ್ತಿದ್ದರೆ ಅಪ್ಪ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. “ನಾವು ಆಡ್ತಿದ್ದ ಕೋರ್ಟೂ ಮಣ್ಣಿಂದೇ. ಸಗಣಿ ಸಾರಿಸಿ, ಸುಣ್ಣದಲ್ಲಿ ಗೆರೆ ಹಾಕ್ತಿದ್ವಿ. ಎರಡು ದಿನ ಮಳೆ ಬಂದರೆ ಮುಗೀತು. ಚೆಂಡು ಕುಟ್ಟಿದರೆ ಅಲ್ಲೇ ಕೂತುಬಿಡ್ತಿತ್ತು,” ಅಂದರು. ಸಿಮೆಂಟ್ ಕೋರ್ಟ್ ಬಂದಿದ್ದು ಆಮೇಲೆ. ಮೂರು ಪಾಯಿಂಟ್ ಗೆರೆ ಅವರೂ ಕಾಣಲಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಅದು ಸೇರಿದ್ದು 1984ರಲ್ಲಿ, ಅಷ್ಟರಲ್ಲಿ ಅಪ್ಪನ ಮಂಡಿ ನೋವು ಶುರುವಾಗಿತ್ತು. ಮಗಳು ಮೂಗಿನಿಂದ ಕೈ ತೆಗೆದು, “ಸಗಣಿ ಮೇಲೆ ಡ್ರಿಬಲ್ಲಾ?” ಅಂತ ಕೇಳಿದಳು. ತಾತನ ಪಂದ್ಯಗಳ ಬಗ್ಗೆ ಅವಳು ತಾನಾಗಿ ಕೇಳಿದ್ದು ಅದೇ ಮೊದಲು. ಟ್ರ್ಯಾಕ್ಟರಿನವರು ಕೆಲಸ ಮುಗಿಸಿ ಲೈಟ್ ಆರಿಸುವವರೆಗೂ ಅಪ್ಪ ಬಿಡದೆ ಹೇಳಿದರು.

ರಾತ್ರಿ ಊಟದ ಹೊತ್ತಿಗೆ ಮಾತು ಪ್ರೆಸ್ ಕಡೆ ತಿರುಗಿತು. ಪೀಟ್ ಹುಟ್ಟಿದ್ದು 1947ರಲ್ಲಿ, ಪೆನ್ಸಿಲ್ವೇನಿಯಾದ ಉಕ್ಕಿನ ಕಾರ್ಖಾನೆ ಊರು ಆಲಿಕ್ವಿಪಾದಲ್ಲಿ. ಪ್ರೆಸ್ ಮಗನಿಗಾಗಿ ಕಸರತ್ತುಗಳನ್ನೇ ಹೊಸದಾಗಿ ಹೊಂದಿಸಿದ್ದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಡ್ರಿಬಲ್ ಮಾಡು. ಕಾರಿನ ಬಾಗಿಲಿಂದ ಬಗ್ಗಿ ರಸ್ತೆ ಮೇಲೆ ಡ್ರಿಬಲ್ ಮಾಡು, ನಾನು ಕಾರು ಜೋರಾಗಿಯೂ ನಿಧಾನವಾಗಿಯೂ ಓಡಿಸ್ತೀನಿ. ಮಗ ಸಿನಿಮಾ ಮಂದಿರದಲ್ಲೂ ಪಕ್ಕದ ದಾರಿಯ ಸೀಟು ಹಿಡಿದು ಚೆಂಡು ಕುಟ್ಟುತ್ತಿದ್ದನಂತೆ, ರಾತ್ರಿ ಹಾಸಿಗೆಯಲ್ಲೂ ಚೆಂಡು. ಮುಂದೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎನಲ್ಲಿ ಬೆನ್ನ ಹಿಂದಿನ ಪಾಸು, ಕಾಲ ಸಂದಿಯ ಪಾಸು ಅಂತ ಜನ ಬಾಯಿ ಬಿಟ್ಟು ನೋಡಿದ್ದೆಲ್ಲ ಇದರಿಂದಲೇ ಬಂದಿದ್ದು. ಮಗಳು ನನ್ನ ಕಡೆ ನೋಡಿ, “ಅಮ್ಮಾ, ಐಡಿಯಾ ತಗೋಬೇಡ,” ಅಂದಳು. ಸುಮ್ನೆ ನಕ್ಕೆ. ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಪ್ರೆಸ್ ಅರ್ಥವಾಗುವಷ್ಟು ಇನ್ಯಾರಿಗೂ ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಚೆಂಡಿನ ಬದಲು ಗಣಿತ, ಅಷ್ಟೇ.

ಶನಿವಾರ

ಮ್ಯಾರವಿಚ್‌ನ ಸಮಾಧಿ ಬ್ಯಾಟನ್ ರೂಜ್‌ನಲ್ಲೇ ಇದೆ, ರೆಸ್ಟ್‌ಹೇವನ್ ಅನ್ನೋ ಸ್ಮಶಾನದಲ್ಲಿ. ಅಪ್ಪ ಬೇಡ ಅಂದರು. ಗೇಟಿನ ಮುಂದೆ ಹಾದು ಹೋದೆವು. ದಾರಿಯಲ್ಲಿ ಅವನ ಸಾವಿನ ಕತೆ ಹೇಳಿದೆ, ಯಾಕೆ ಅಂದರೆ ಮಗಳಿಗೆ ಅದು ಗೊತ್ತಿರಲಿಲ್ಲ.

1988ರ ಜನವರಿ 5. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಒಂದು ಚರ್ಚಿನ ಜಿಮ್. ಗೆಳೆಯರ ಜೊತೆ ಸುಮ್ನೆ ಆಡುತ್ತಾ ಇದ್ದವನು ಕುಸಿದು ಬಿದ್ದ. ನಲವತ್ತು ವರ್ಷ. ಶವಪರೀಕ್ಷೆಯಲ್ಲಿ ಗೊತ್ತಾಗಿದ್ದೇನು ಅಂದರೆ ಅವನ ಹೃದಯಕ್ಕೆ ರಕ್ತ ಕೊಡುವ ಎಡಗಡೆಯ ಮುಖ್ಯ ನಾಳ ಹುಟ್ಟಿನಿಂದಲೇ ಇರಲಿಲ್ಲ. ಬಲಗಡೆಯದೊಂದೇ ದೊಡ್ಡದಾಗಿ ಬೆಳೆದು ಎರಡರ ಕೆಲಸ ಮಾಡುತ್ತಿತ್ತು. ಅಂಥ ಹೃದಯ ಇಟ್ಟುಕೊಂಡು ನಲವತ್ತರವರೆಗೆ ಬದುಕುವುದೇ ಅಪರೂಪ. ಇವನು ಹತ್ತು ಸೀಸನ್ ಎನ್‌ಬಿಎ ಆಡಿದ್ದ, 15,948 ಪಾಯಿಂಟ್ ಹಾಕಿದ್ದ. ಯಾರಿಗೂ ಗೊತ್ತೇ ಇರಲಿಲ್ಲ. “ಒಂದು ಇಸಿಜಿ ಆದ್ರೂ ತೆಗೀಬೇಕಿತ್ತಲ್ವಾ?” ಅಂದರು ಅಪ್ಪ. ಎರಡು ಸ್ಟೆಂಟ್ ಹಾಕಿಸಿಕೊಂಡವರು, ಈ ವಿಷಯದಲ್ಲಿ ತುಂಬಾ ಖಡಕ್.

ನ್ಯೂ ಆರ್ಲಿಯನ್ಸ್ ಇಲ್ಲಿಂದ 130 ಕಿಲೋಮೀಟರ್. ಹೋಟೆಲಲ್ಲಿ ಗಾಡಿ ಬಿಟ್ಟು ಸೇಂಟ್ ಚಾರ್ಲ್ಸ್ ರಸ್ತೆಯ ಹಸಿರು ಟ್ರಾಮ್ ಹತ್ತಿದೆವು. ಮಾರ್ಡಿ ಗ್ರಾ ಹಬ್ಬ ಮುಗಿದು ವಾರಗಳಾಗಿದ್ದರೂ ಮೆರವಣಿಗೆಯಲ್ಲಿ ಎಸೆದ ಮಣಿಸರಗಳು ಓಕ್ ಮರಗಳಲ್ಲಿ, ಕರೆಂಟ್ ತಂತಿಗಳಲ್ಲಿ ಹಾಗೇ ನೇತಾಡುತ್ತಿದ್ದವು. ನೇರಳೆ, ಹಸಿರು, ಬಂಗಾರದ ಬಣ್ಣ. ಇಳಿದಿದ್ದು ಲಯೋಲಾ ಯೂನಿವರ್ಸಿಟಿ ಹತ್ತಿರ.

ಎನ್‌ಬಿಎ ಟೀಮ್ ಅಟ್ಲಾಂಟ ಹಾಕ್ಸ್ 1970ರಲ್ಲಿ ಮ್ಯಾರವಿಚ್‌ನನ್ನು ಸುಮಾರು 19 ಲಕ್ಷ ಡಾಲರ್ ಒಪ್ಪಂದಕ್ಕೆ ತೆಗೆದುಕೊಂಡಿತ್ತು. ಆಗಿನ ಕಾಲಕ್ಕೆ ಅದು ಕಣ್ಣು ಕುಕ್ಕುವ ದುಡ್ಡು, ಟೀಮಿನ ಹಳಬರಿಗೆ ಕಣ್ಣುರಿಯೂ ಆಯಿತು. ಅಲ್ಲಿ ನಾಲ್ಕು ವರ್ಷ. 1974ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೊಸ ಟೀಮ್ ಬಂತು: ಜ್ಯಾಝ್. ಹೊಸ ಟೀಮಿಗೆ ಜನ ಬರಬೇಕಲ್ಲ, ಲೂಯಿಸಿಯಾನದವರಿಗೆ ಗೊತ್ತಿರುವ ಹೆಸರು ಒಂದೇ. ಕೈಯಲ್ಲಿದ್ದ ಡ್ರಾಫ್ಟ್ ಹಕ್ಕುಗಳನ್ನು ಕೊಟ್ಟು ಅವನನ್ನು ತಂದರು. ಅದೇ ಅಕ್ಟೋಬರಿನಲ್ಲಿ ಅವನ ತಾಯಿ ಆತ್ಮಹತ್ಯೆ ಮಾಡಿಕೊಂಡರು.

ಜ್ಯಾಝ್‌ಗೆ ಆಗ ಸ್ವಂತ ಮನೆ ಇರಲಿಲ್ಲ. ಕೆಲವು ಪಂದ್ಯ ಮುನಿಸಿಪಲ್ ಆಡಿಟೋರಿಯಂನಲ್ಲಿ, ಕೆಲವು ಲಯೋಲಾ ಫೀಲ್ಡ್ ಹೌಸ್‌ನಲ್ಲಿ. ಫೀಲ್ಡ್ ಹೌಸ್ ಈಗಿಲ್ಲ, ಬೇರೆ ಕ್ರೀಡಾ ಕಟ್ಟಡ ಬಂದಿದೆ. ಇದ್ದಾಗ ಅದರ ಕೋರ್ಟ್ ನೆಲದಿಂದ ಎಷ್ಟು ಎತ್ತರದಲ್ಲಿತ್ತು ಅಂದರೆ, ಆಟಗಾರರು ಉರುಳಿ ಜನರ ಮೇಲೆ ಬೀಳಬಾರದು ಅಂತ ಆಟಗಾರರ ಸಂಘ ಒತ್ತಾಯ ಮಾಡಿ ಸುತ್ತ ಬಲೆ ಕಟ್ಟಿಸಿತು. ಎನ್‌ಬಿಎ ಪಂದ್ಯಕ್ಕೆ, ಕೋಳಿಗೂಡಿಗೆ ಕಟ್ಟಿದ ಹಾಗೆ! ಮಗಳು ಇದನ್ನು ನಂಬಲೇ ಇಲ್ಲ. ಮಾರ್ಡಿ ಗ್ರಾ ಬಂದರೆ ಇನ್ನೊಂದು ಪಾಡು. ಊರಿನ ಸಭಾಂಗಣಗಳೆಲ್ಲ ಹಬ್ಬಕ್ಕೆ, ಟೀಮ್ ವಾರಗಟ್ಟಲೆ ಬೇರೆ ಊರುಗಳಲ್ಲಿ ಆಡಿಕೊಂಡಿರಬೇಕು. ಮೊದಲ ವರ್ಷ 23 ಗೆದ್ದು 59 ಸೋತರು. ಆಶ್ಚರ್ಯವೇನಿಲ್ಲ.

ಸಂಜೆ ಸೂಪರ್‌ಡೋಮ್ ಪಕ್ಕ ನಡೆದು ಹೋದೆವು. ಹೊಳೆಯುವ ದೊಡ್ಡ ಡಬರಿ ಕವುಚಿ ಹಾಕಿದಂತಿದೆ ಅಂತ ಬರೆಯಬಹುದಿತ್ತು, ಆದರೆ ಕೋಳಿಗೂಡು ಒಂದೇ ಸಾಕು. 1975ರಲ್ಲಿ ಇದು ತೆರೆದಾಗ ಜ್ಯಾಝ್ ಇಲ್ಲಿಗೆ ಬಂತು. ಇದು ಕಟ್ಟಿದ್ದೂ ಫುಟ್‌ಬಾಲ್‌ಗೇ, ಬಾಸ್ಕೆಟ್‌ಬಾಲ್ ಒಂದು ಮೂಲೆಯ ಬಾಡಿಗೆದಾರ. ಆದರೆ ಮ್ಯಾರವಿಚ್ ಇದ್ದನಲ್ಲ. ಆ ನವೆಂಬರಿನಲ್ಲಿ ಕರೀಂ ಅಬ್ದುಲ್-ಜಬ್ಬಾರ್‌ನ ಲೇಕರ್ಸ್ ಬಂದಾಗ 26,511 ಜನ. 1977ರ ನವೆಂಬರಿನಲ್ಲಿ ಜೂಲಿಯಸ್ ಅರ್ವಿಂಗ್‌ನ ಫಿಲಡೆಲ್ಫಿಯಾ ಬಂದಾಗ 35,077. ಒಂದು ಸಾಮಾನ್ಯ ಲೀಗ್ ಪಂದ್ಯಕ್ಕೆ!

1977ರ ಫೆಬ್ರವರಿ 25ರ ರಾತ್ರಿ ಇಲ್ಲೇ. ಎದುರಿಗೆ ನ್ಯೂಯಾರ್ಕ್ ನಿಕ್ಸ್, ಮೈಮೇಲೆ ಕಾವಲಿಗೆ ವಾಲ್ಟ್ ಫ್ರೇಜರ್, ಲೀಗಿನಲ್ಲೇ ಹೆಸರುವಾಸಿ ಕಾವಲುಗಾರ. ಮ್ಯಾರವಿಚ್ 43 ಶಾಟಿನಲ್ಲಿ 26 ಹಾಕಿದ, ಫ್ರೀ ಥ್ರೋ 19ರಲ್ಲಿ 16. ಒಟ್ಟು 68. ಆಟ ಇನ್ನೂ ಒಂದು ನಿಮಿಷದ ಮೇಲೆ ಉಳಿದಿರುವಾಗಲೇ ಫೌಲ್ ಜಾಸ್ತಿಯಾಗಿ ಹೊರಗೆ ಕೂತ. ಇಲ್ಲದಿದ್ದರೆ 70 ಆಗುತ್ತಿತ್ತು. ಅದುವರೆಗೆ ಯಾವ ಗಾರ್ಡೂ, ಅಂದರೆ ಚೆಂಡು ನಡೆಸಿಕೊಂಡು ಬರುವ ಜಾಗದ ಯಾವ ಆಟಗಾರನೂ, ಎನ್‌ಬಿಎನಲ್ಲಿ ಒಂದು ಪಂದ್ಯಕ್ಕೆ ಅಷ್ಟು ಹಾಕಿರಲಿಲ್ಲ. ಆ ಸೀಸನ್ನಿನ ಸರಾಸರಿ 31.1, ಲೀಗಿಗೇ ಮೊದಲಿಗ. ಮರುವರ್ಷ ಜನವರಿ ಕೊನೆಯಲ್ಲಿ ಬಫಲೊ ವಿರುದ್ಧ ಹಾರಿ ಕಾಲ ಸಂದಿಯಿಂದ ಪಾಸ್ ಕೊಟ್ಟು ಕೆಳಗಿಳಿಯುವಾಗ ಮಂಡಿ ಮುರಿಯಿತು. ಪಂದ್ಯ ಆಗಲೇ ಕೈಯಲ್ಲಿತ್ತು, ಆ ಪಾಸು ಬೇಕಿರಲಿಲ್ಲ. ಬೇಕಿಲ್ಲದ್ದನ್ನು ಮಾಡಿದ್ದಕ್ಕೇ ಜನ ಅವನನ್ನು ನೋಡಲು ಬರುತ್ತಿದ್ದರು ಅನ್ನೋದೂ ನಿಜ.

1979ರಲ್ಲಿ ಜ್ಯಾಝ್ ಗಂಟುಮೂಟೆ ಕಟ್ಟಿಕೊಂಡು ಯೂಟಾಗೆ ಹೋಯಿತು. ಹೆಸರೂ ಜೊತೆಗೇ ಹೋಯಿತು. ಮಡಿವಂತ ಮಾರ್ಮನ್ ಕ್ರೈಸ್ತರ ಊರಿನಲ್ಲಿ ಜ್ಯಾಝ್ ಸಂಗೀತದ ಹೆಸರು!

ರಾತ್ರಿ ಸೂಪರ್‌ಡೋಮ್ ಮಗ್ಗುಲಲ್ಲಿರುವ ಸ್ಮೂದಿ ಕಿಂಗ್ ಸೆಂಟರ್‌ನಲ್ಲಿ ಊರಿನ ಈಗಿನ ಎನ್‌ಬಿಎ ಟೀಮ್ ಪೆಲಿಕನ್ಸ್ ಪಂದ್ಯಕ್ಕೆ ಟಿಕೆಟ್ ತೆಗೆದುಕೊಂಡಿದ್ದೆವು. ಸೂರಿನ ಹತ್ತಿರದ ಸೀಟು, ಅದಕ್ಕೇ ಸಸ್ತಾ. ಅಪ್ಪ ಆಟ ಬಿಟ್ಟು ಮೇಲೆ ಹುಡುಕುತ್ತಿದ್ದರು. ಕಂಡಿತು, 7 ನಂಬರಿನ ಮ್ಯಾರವಿಚ್ ಬ್ಯಾನರ್. ಈ ಕ್ಲಬ್ಬಿಗೆ ಅವನು ಒಂದು ದಿನವೂ ಆಡಿಲ್ಲ. 2002ರಲ್ಲಿ ಹಾರ್ನೆಟ್ಸ್ ಹೆಸರಿನಲ್ಲಿ ಊರಿಗೆ ಮತ್ತೆ ಎನ್‌ಬಿಎ ಬಂದಾಗ, ಮೊದಲ ಪಂದ್ಯಕ್ಕೇ, ಅದೂ ಯೂಟಾ ಜ್ಯಾಝ್ ಎದುರಿಗೇ, ಆ ನಂಬರನ್ನು ಮೇಲೇರಿಸಿದರು. ಸತ್ತು ಹದಿನಾಲ್ಕು ವರ್ಷವಾಗಿತ್ತು. ಬದುಕಿದ್ದಾಗ ದನದ ಮಣ್ಣಿನ ಮೇಲೆ, ಬಲೆಯೊಳಗೆ, ಫುಟ್‌ಬಾಲ್‌ನವರ ಮೂಲೆಯಲ್ಲಿ ಆಡಿಸಿದ ಊರುಗಳು ಇವು. ಒಳ್ಳೆಯ ಕಟ್ಟಡಗಳು ಬಂದಿದ್ದು ಅವನು ಜಾಗ ಖಾಲಿ ಮಾಡಿದ ಮೇಲೆ. ಕೇಟ್ಲಿನ್ ಕ್ಲಾರ್ಕ್ ಮಾತ್ರ ಈ ವಿಷಯದಲ್ಲಿ ಪುಣ್ಯವಂತೆ. ಅವಳು ಆಡುತ್ತಿರುವಾಗಲೇ, 2025ರ ಫೆಬ್ರವರಿಯಲ್ಲಿ, ಅಯೋವಾದವರು 22ನ್ನು ಅವಳ ಕಣ್ಣೆದುರೇ ಮೇಲೆ ಕಟ್ಟಿದರು.

ಭಾನುವಾರ

ಬೆಳಿಗ್ಗೆ ಕೆಫೆ ದು ಮಾಂಡ್. ಸಾಲು ಉದ್ದವಿತ್ತು, ನಿಂತೆವು. ಬೆನ್ಯೆ ಅನ್ನೋ ಕರಿದ ತಿಂಡಿ ಮೇಲೆ ಸುರಿದ ಸಕ್ಕರೆ ಪುಡಿ ಅಪ್ಪನ ಕಪ್ಪು ಸ್ವೆಟರ್ ಮೇಲೆಲ್ಲ. ಕಾಫಿಗೆ ಇಲ್ಲಿ ಚಿಕೋರಿ ಹಾಕುತ್ತಾರೆ. ಅಮೆರಿಕಕ್ಕೆ ಬಂದ ಮೇಲೆ ಹೊರಗೆ ಕುಡಿದ ಕಾಫಿಯಲ್ಲಿ ಅಪ್ಪ ಬೈಯದೇ ಇದ್ದಿದ್ದು ಇದೊಂದೇ. ಇನ್ನೊಂದು ಕಪ್ ತರಿಸಿದರು.

ಅಲ್ಲಿಂದ ಆರ್ಮ್‌ಸ್ಟ್ರಾಂಗ್ ಪಾರ್ಕ್ ನಡೆದು ಹೋಗುವಷ್ಟು ಹತ್ತಿರ. ಒಳಗೆ ಮುನಿಸಿಪಲ್ ಆಡಿಟೋರಿಯಂ. 2005ರ ಕತ್ರೀನಾ ಚಂಡಮಾರುತದಿಂದ ಮುಚ್ಚಿದ್ದು, ಸುತ್ತ ಬೇಲಿ ಹಾಕಿದ್ದರು. ನೋಡೋಕೆ ಏನೂ ಇಲ್ಲ. ಹೋಗುವವರು ಆ ಸಮಯವನ್ನು ಇನ್ನೊಂದು ಕಪ್ ಕಾಫಿಗೆ ಇಟ್ಟುಕೊಳ್ಳಿ.

ಹಿಂದಿರುಗುವ ದಾರಿಯಲ್ಲಿ ಜಗಳ ಮತ್ತೆ ಶುರು. ಪ್ರೆಸ್ ಆದ ಮೇಲೆ ಎಲ್‌ಎಸ್‌ಯುಗೆ ಕೋಚ್ ಆಗಿ ಬಂದ ಡೇಲ್ ಬ್ರೌನ್ ಒಂದು ಲೆಕ್ಕ ಹೇಳುತ್ತಿದ್ದರು. ಮೂರು ಪಾಯಿಂಟ್ ಗೆರೆ ಇದ್ದಿದ್ದರೆ ಪೀಟನ ಸರಾಸರಿ 57 ಆಗುತ್ತಿತ್ತು ಅಂತ. ಅಪ್ಪ ಅದನ್ನೇ ಹಿಡಿದರು. ಮಗಳು ಹಿಂದಿನ ಸೀಟಿನಲ್ಲಿ ಬೆರಳು ಮಡಚಿ, “44ರಿಂದ 57ಕ್ಕೆ ಹೋಗಬೇಕು ಅಂದರೆ ಪ್ರತಿ ಮ್ಯಾಚಲ್ಲೂ ಹದಿಮೂರು ಶಾಟ್ ಆ ಗೆರೆ ಹೊರಗಿಂದ ಬೀಳಬೇಕು ತಾತ. ಅವನು ಮ್ಯಾಚಿಗೆ ಒಟ್ಟು ಹಾಕ್ತಿದ್ದಿದ್ದೇ ಹದಿನೇಳರ ಹತ್ತಿರ,” ಅಂದಳು. ನನಗೂ ಡೇಲ್ ಬ್ರೌನ್ ಲೆಕ್ಕ ಸ್ವಲ್ಪ ಜಾಸ್ತಿ ಅಂತಲೇ ಅನ್ನಿಸಿದ್ದು. ಅಭಿಮಾನಿಗಳ ಲೆಕ್ಕ ಯಾವತ್ತೂ ಹಾಗೇ ಅಲ್ವಾ?

ಅಚಾಫಲಾಯ ಸೇತುವೆ ಮೇಲೆ ಅವಳೇ ಫೋನಿನಲ್ಲಿ ಇನ್ನೊಂದು ಲೆಕ್ಕ ಹುಡುಕಿದಳು. ಎನ್‌ಬಿಎಗೆ ಮೂರು ಪಾಯಿಂಟ್ ಗೆರೆ ಬಂದಿದ್ದು 1979-80ರಲ್ಲಿ. ಅದು ಮ್ಯಾರವಿಚ್‌ನ ಕೊನೆಯ ಸೀಸನ್. ಯೂಟಾ ಅವನನ್ನು ಅರ್ಧದಲ್ಲೇ ಕೈಬಿಟ್ಟಿತ್ತು. ಬಾಸ್ಟನ್‌ನಲ್ಲಿ ಹೊಸ ಹುಡುಗ ಲ್ಯಾರಿ ಬರ್ಡ್ ಪಕ್ಕ ಬೆಂಚಿನಿಂದ ಎದ್ದು ಬಂದು ಆಡುತ್ತಿದ್ದ. ಮಂಡಿ ಹೋಗಿತ್ತು. ಆ ವರ್ಷ ಗೆರೆಯ ಹೊರಗಿಂದ ಎಸೆದಿದ್ದು 15, ಬಿದ್ದಿದ್ದು 10.

“ಹದಿನೈದಕ್ಕೆ ಹತ್ತು! ನಾನೇನು ಹೇಳಿದ್ದೆ?” ಅಪ್ಪ ಸೀಟ್ ಬೆಲ್ಟ್ ಎಳೆದುಕೊಂಡು ಪೂರ್ತಿ ಹಿಂದೆ ತಿರುಗಿದರು.

“ಬರೀ ಹದಿನೈದು ತಾತ. ಅಷ್ಟರಲ್ಲಿ ಏನೂ ಹೇಳೋಕಾಗಲ್ಲ. ಕ್ಲಾರ್ಕ್ ಮೊದಲ ವರ್ಷಾನೇ 122 ಹಾಕಿದ್ದಾಳೆ.”

“ಎಷ್ಟು ಎಸೆದು?”

ಮಗಳು ಮತ್ತೆ ಫೋನು ತೆಗೆದಳು. ಸೇತುವೆ ಮೇಲೆ ಸಿಗ್ನಲ್ ಹೋಗಿತ್ತು.